ಕೈಗೆಟಕುವ ಗೂಟ

ರಾಯಚೂರಿನಲ್ಲಿ ಕೋಟು ಹಾಕಿಕೊಂಡು ಓಡಾಡುವವರು ಇಬ್ಬರೇ. ಮದುವೆಯ ದಿನದ ಮದುಮಗ ಮತ್ತು ನಾವು ವಕೀಲರು. ಮದುಮಗನಿಗಾದರೂ ಅದು ಒಂದು ಹೊತ್ತಿನ ಶಿಕ್ಷೆ. ನನಗೆ ಇಪ್ಪತ್ತಾರು ವರ್ಷಗಳಿಂದ ನಡೆದಿದೆ. ಏಪ್ರಿಲ್ ತಿಂಗಳ ಬಿಸಿಲಲ್ಲಿ ಕೋರ್ಟಿನಿಂದ ಬಂದು ಆ ಕರಿ ಕೋಟನ್ನು ಮೈಮೇಲಿಂದ ಕಿತ್ತು ತೆಗೆದರೆ, ಅದನ್ನು ಎಲ್ಲಿ ಇಡುವುದು ಎನ್ನುವುದೇ ನಮ್ಮ ಮನೆಯಲ್ಲಿ ದೊಡ್ಡ ಪ್ರಶ್ನೆ. ಒಳಗೆ ಒಯ್ಯುವಂತಿಲ್ಲ. ನಮ್ಮ ಅತ್ತೆ ಕಾವೇರಿಬಾಯಿಯವರ ಕಾನೂನಿನ ಪ್ರಕಾರ ಕೋರ್ಟಿಗೆ ಹೋಗಿ ಬಂದ ಬಟ್ಟೆ ನಡುಮನೆಗೆ ಬರಕೂಡದು. "ಯಾವ್ಯಾವ ಕೊಲಿಗಡುಕರ ನೆರಳು ಬಿದ್ದಿರ್ತದೋ ಏನೋ" ಎನ್ನುತ್ತಾರೆ. ನಾನು ನಡೆಸುವುದೆಲ್ಲ ಹೊಲಮನೆ ಪಾಲಿನ ದಾವೆ, ಕೊಲೆಗಡುಕರನ್ನು ಹತ್ತಿರದಿಂದ ಕಂಡದ್ದೂ ಇಲ್ಲ ಎಂದರೆ ಕೇಳುವವರು ಯಾರು?

ಹೀಗಾಗಿ ತಲಬಾಗಿಲು ದಾಟಿದ ಕೂಡಲೇ ಸಿಗುವ ಸಣ್ಣ ಪಡಸಾಲೆಯೇ ನಮ್ಮೆಲ್ಲರ ಹೊರಗಿನ ಸಾಮಾನಿನ ಗತಿ. ನನ್ನ ಕರಿ ಕೋಟು, ಕೃಷಿ ವಿಶ್ವವಿದ್ಯಾಲಯದಲ್ಲಿ ಓದುವ ಮಗಳು ಮಹತಿಯ ಬಿಳಿ ಕೋಟು, ನನ್ನ ಗಂಡ ವೇದವ್ಯಾಸರ ಹೆಲ್ಮೆಟ್ಟು, ನಾಲ್ಕು ಕೊಡೆ (ಅದರಲ್ಲಿ ಬಿಚ್ಚಿಕೊಳ್ಳುವುದು ಎರಡೇ), ಯಾವ ಬೀಗದ್ದೆಂದು ಯಾರಿಗೂ ಗೊತ್ತಿಲ್ಲದ ಕೀಲಿಗಳು, ಸಂಜೆ ಭಜನೆಗೆ ಹೋಗುವಾಗ ಅತ್ತೆ ಹೊದೆಯುವ ಶಾಲು, ತಾಳ ಮತ್ತು ಹಾಡಿನ ಪುಸ್ತಕ ಇರುವ ಅವರ ಚೀಲ. ಗೋಡೆಯಲ್ಲಿ ಮೂರು ಮೊಳೆಗಳಿದ್ದವು. ಉಳಿದದ್ದೆಲ್ಲ ಒಂದು ಮುರುಕು ಕುರ್ಚಿಯ ಮೇಲೆ.

ಈ ವರ್ಷ ಯುಗಾದಿ ಆದ ಮೇಲೆ ಒಂದು ದಿನ ಆ ಮೂರರಲ್ಲಿ ಒಂದು ಮೊಳೆ ಕಿತ್ತುಬಂತು. ಕೋಟು ಚಪ್ಪಲಿಗಳ ಮೇಲೆ ಬಿತ್ತು. ಯಾರೋ ನೋಡದೆ ತುಳಿದರು. ನಾನೂ ನೋಡದೆ ಹಾಕಿಕೊಂಡು ಹೋದೆ. ಬೆನ್ನ ಮೇಲೆ ಚಪ್ಪಲಿಯ ಅಚ್ಚು ಹೊತ್ತುಕೊಂಡು ಮಧ್ಯಾಹ್ನದವರೆಗೆ ವಾದ ಮಾಡಿದೆ. ಒಬ್ಬರಾದರೂ ಹೇಳಬೇಕಲ್ಲ! ಹೇಳಿದವನು ಕೊನೆಗೆ ನನ್ನ ಎದುರು ಪಕ್ಷದ ಕಕ್ಷಿದಾರ, ಅದೂ ನಗುತ್ತಾ. ಅವತ್ತೇ ಮಾನ್ವಿಯ ಲಾಲ್ ಸಾಬ್ ಮಿಸ್ತ್ರಿಗೆ ಫೋನ್ ಹಚ್ಚಿದೆ. ಅವರು ಮಾಡಿದ ಬಾಗಿಲುಗಳನ್ನು ನನ್ನ ಹಲವು ಕಕ್ಷಿದಾರರ ಮನೆಯಲ್ಲಿ ನೋಡಿದ್ದೆ.

"ನಾ ಬರಾಂಗಿಲ್ರಿ ಮೇಡಂ, ನನ್ನ ಕಣ್ಣು ಮಬ್ಬಾಗ್ಯಾವ" ಎಂದರು ಅವರು. "ನಮ್ಮ ಆದೆಮ್ಮನ್ನ ಕಳಸ್ತೀನಿ. ಕೆಲಸ ನನ್ನಕಿಂತ ಚಲೋ ಮಾಡ್ತಾಳ. ಆದ್ರ ಆಕೀಗಿ ಅದು ಇನ್ನಾ ಗೊತ್ತಿಲ್ಲ."

ಮರುದಿನ ಬೆಳಿಗ್ಗೆ ಎಂಟು ಗಂಟೆಗೆ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಮೂವತ್ತಾರು ಮೂವತ್ತೇಳರ ವಯಸ್ಸು, ಗಿಡ್ಡ ಆಳು, ಗಟ್ಟಿ ಮಣಿಕಟ್ಟು. ಹೊಲದ ಕೆಲಸಕ್ಕೆ ಹೋಗುವ ಹೆಂಗಸರ ಹಾಗೆ ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟಿದ್ದಳು. ಹೆಗಲಿಗೆ ಉಳಿ, ಸುತ್ತಿಗೆ, ಡ್ರಿಲ್ ತುಂಬಿದ ಚೀಲ. ಒಳಗೆ ಬಂದವಳು ಅಂಗಿ ಕಳಚಿ, ಎಲ್ಲಿ ತೂಗುಹಾಕಲಿ ಎಂದು ಗೋಡೆಯತ್ತ ನೋಡಿದಳು. ಮೊಳೆ ಕಿತ್ತ ತೂತು ಕಂಡಿತು. "ಇದಕ್ಕೇ ಏನ್ರಿ ನನ್ನ ಕರಸಿದ್ದು?" ಎಂದು ನಕ್ಕಳು. ನನಗೆ ಆ ಕ್ಷಣಕ್ಕೇ ಹಿಡಿಸಿದಳು.

ಆದೆಮ್ಮ ಮಾನ್ವಿ ತಾಲೂಕಿನ ಮಲ್ಲಟದವಳು. ತಂದೆ ಕನಕಪ್ಪ ಕುರಿ ಕಾಯುವವರು. ಶಾಲೆಯ ಮುಖ ನೋಡಿದ್ದಕ್ಕಿಂತ ಕುರಿಗಳ ಬೆನ್ನು ನೋಡಿದ್ದೇ ಹೆಚ್ಚು ಎಂದು ತಾನೇ ಹೇಳುತ್ತಾಳೆ. ಹಿಂಡಿನ ಜೊತೆ ಊರೂರು ತಿರುಗುವಾಗ ಹಟ್ಟಿ ಹಾಕಿದ ಕಡೆ ಯಾವ ಸಾಮಾನನ್ನೂ ನೆಲದ ಮೇಲೆ ಇಡುವಂತಿಲ್ಲ. ಇಟ್ಟರೆ ಇರುವೆ ಮುತ್ತುತ್ತದೆ, ಇಬ್ಬನಿಗೆ ತೊಯ್ಯುತ್ತದೆ, ಇಲ್ಲವೇ ಆಡು ಬಾಯಿ ಹಾಕುತ್ತದೆ. ಅದಕ್ಕೆ ಕವಲು ಕವಲಾದ ಒಂದು ಜಾಲಿ ಕೊಂಬೆ ಕಡಿದು ನೆಲದಲ್ಲಿ ನೆಡುವುದು. ಒಂದು ಕವಲಿಗೆ ಕಂಬಳಿ, ಒಂದಕ್ಕೆ ರೊಟ್ಟಿಯ ಗಂಟು, ಒಂದಕ್ಕೆ ನೀರಿನ ಕ್ಯಾನು. ಏಳು ವರ್ಷದವಳಿದ್ದಾಗಿನಿಂದ ಕೊಂಬೆ ನೆಡುವುದು ಆದೆಮ್ಮನ ಕೆಲಸ. ಕಂಬಳಿಯ ಕವಲು ಒಂದು ಗೇಣು ಮೇಲಾದರೂ ಕನಕಪ್ಪ ಬೈಯುತ್ತಿದ್ದರಂತೆ. ಮಳೆ ಬಂತೆಂದರೆ ಕಣ್ಣು ಮುಚ್ಚಿ ಕೈ ಚಾಚಬೇಕು, ಕಂಬಳಿ ಅಲ್ಲೇ ಇರಬೇಕು, ಇದು ಅವರ ಲೆಕ್ಕ.

ಮದುವೆಯಾಗಿ ಹೋದದ್ದು ದೇವದುರ್ಗದ ಕಡೆಗೆ. ಗಂಡ ಮಾರೆಪ್ಪನದೂ ಕುರಿ ಹಿಂಡು. ವರ್ಷದಲ್ಲಿ ಎಂಟು ತಿಂಗಳು ಕೃಷ್ಣೆಯ ದಂಡೆಗುಂಟ ಇರುತ್ತಾನೆ. ಮಗಳು ಪ್ರಿಯದರ್ಶಿನಿಯನ್ನು ಓದಿಸಲೇಬೇಕೆಂದು ಗಂಡಹೆಂಡತಿ ಮಾತಾಡಿಕೊಂಡು ಮಾನ್ವಿಯಲ್ಲಿ ಒಂದು ಕೋಣೆ ಹಿಡಿದರು. ಆ ಕೋಣೆಯ ಎದುರಿಗೇ ಲಾಲ್ ಸಾಬರ ಬಡಿಗೆ ಅಂಗಡಿ. ಸುಮ್ಮನೆ ಕೂತು ಅಭ್ಯಾಸವಿಲ್ಲದ ಆದೆಮ್ಮ ಅಲ್ಲಿ ಉಪ್ಪುಕಾಗದ ಹಿಡಿದು ಹಲಗೆ ಉಜ್ಜುವ ಕೆಲಸಕ್ಕೆ ಸೇರಿದಳು. ಆರು ತಿಂಗಳು ಉಜ್ಜಿದಳು. ಒಂದು ಶುಕ್ರವಾರ ಲಾಲ್ ಸಾಬ್ ನಮಾಜಿಗೆ ಹೋದಾಗ, ಬಿದ್ದಿದ್ದ ತುಂಡು ಕಟ್ಟಿಗೆ ತೆಗೆದುಕೊಂಡು, ಉಳಿ ಹಿಡಿದು, ಕಿಟಕಿ ಚೌಕಟ್ಟಿನ ಮೂಲೆ ಕೂಡಿಸುವುದನ್ನು ಮಾಡಿ ನೋಡಿದಳು. ಬಂದವರು ಅದನ್ನು ಬೆಳಕಿಗೆ ಹಿಡಿದು ನೋಡಿದರು, ಎಳೆದು ನೋಡಿದರು. ಸಂದಿನಲ್ಲಿ ಉಗುರೂ ಹೋಗಲಿಲ್ಲ. ಕೇಳದೆ ಉಳಿ ಮುಟ್ಟಿದ್ದಕ್ಕೆ ಬೈಯಬೇಕು, ಆದರೆ ಬೈಯಲು ಅದರಲ್ಲಿ ತಪ್ಪೇ ಸಿಗುತ್ತಿಲ್ಲ ಎಂದು ಇನ್ನಷ್ಟು ಸಿಟ್ಟಾದರಂತೆ. ಮರುದಿನದಿಂದ ಉಪ್ಪುಕಾಗದ ಬೇರೆಯವರ ಕೈಗೆ ಹೋಯಿತು.

ಅದಾಗಿ ಒಂಬತ್ತು ವರ್ಷ. ಈಗ ಲಾಲ್ ಸಾಬ್ ಬಕ್ರೀದ್ ಮುಗಿಸಿಕೊಂಡು ಆದೋನಿಯಲ್ಲಿರುವ ಮಗಳ ಮನೆಗೆ ಹೋಗಿ ಇರುವವರಿದ್ದರು. ಅಂಗಡಿಯ ಗತಿ ಏನು? ಇದನ್ನು ಆದೆಮ್ಮ ನಮ್ಮ ಮನೆಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತಾ ಮುಚ್ಚುಮರೆಯಿಲ್ಲದೆ ಹೇಳಿದಳು.

"ಉಸ್ತಾದರು ಒಂದು ಮಾತು ಹೇಳ್ಯಾರ್ರಿ ಮೇಡಂ. ನಾ ಒಬ್ಬಾಕೇ ಹೋಗಿ ಮಾಡಿದ ಮೊದಲ್ನೇ ಮನಿಯವರು, ತಾವಾಗೇ ನನ್ನ ಇನ್ನೊಂದು ಹೊಸ ಕೆಲಸಕ್ಕ ಕರೀಬೇಕು. ಕರದ್ರ ಅಂಗಡಿ ನನಗ. ಇಲ್ಲಂದ್ರ ಮುಚ್ಚಿ ಹೋಗ್ತಾರ. ರಿಪೇರಿಗಿ ಕರದಿದ್ದು ಲೆಕ್ಕಕ್ಕಿಲ್ಲ."

"ಇದೆಂಥಾ ಶರತ್ತು?" ಎಂದೆ ನಾನು.

"ಖರೇ ಅದರೀ ಅವರ ಮಾತು. ಒಂಬತ್ತು ವರ್ಷ ಜನ ಅಂಗಡಿಗಿ ಬಂದಿದ್ದು ಅವರ ಮಾರಿ ನೋಡಿ. ನನ್ನ ಮಾರಿ ನೋಡಿ ಬರ್ತಾರೋ ಇಲ್ಲೋ ಗೊತ್ತಾಗಬೇಕಲ್ರಿ. ಬರಲಿಲ್ಲಂದ್ರ ನಾ ಅಂಗಡಿ ತಗದು ಏನ್ ಮಾಡ್ಲಿ?"

ಅಂಗಡಿ ಮುಚ್ಚಿದರೆ ಮುಂದೆ ಏನು ಎಂದು ಕೇಳಿದೆ. ಮಾನ್ವಿಯಲ್ಲಿ ಬೇರೆ ಇಬ್ಬರು ಮಿಸ್ತ್ರಿಗಳಿದ್ದಾರಂತೆ. ಇಬ್ಬರೂ ಬಾ ಎಂದಿದ್ದಾರಂತೆ, ಆದರೆ ಉಜ್ಜಲಿಕ್ಕೆ ಮತ್ತು ಬಣ್ಣ ಬಳಿಯಲಿಕ್ಕೆ. ಹೆಂಗಸಿನ ಕೈಗೆ ಉಳಿ ಕೊಡುವುದಿಲ್ಲ ಎಂದು ಮೊದಲೇ ಹೇಳಿದ್ದಾರಂತೆ. ಇದನ್ನು ಹೇಳುವಾಗ ಮಾತ್ರ ಆಕೆ ನಗಲಿಲ್ಲ.

ಆ ಮೊದಲನೇ ಮನೆ ನಮ್ಮದೇ ಆಗಿತ್ತು.

ಆಕೆ ಅಳತೆ ತೆಗೆಯುವ ರೀತಿಯೇ ಬೇರೆ. ಟೇಪು ಚೀಲದಲ್ಲೇ ಇತ್ತು. ಒಬ್ಬೊಬ್ಬರನ್ನೂ ಬಾಗಿಲ ಹೊರಗೆ ಕಳಿಸಿ, ದಿನಾ ಬರುವ ಹಾಗೆ ಒಳಗೆ ಬನ್ನಿ ಎಂದಳು. ಬಂದವರು ಗೋಡೆ ನೋಡದೆ ಕೈ ಚಾಚಬೇಕು. ಅಂಗೈ ಎಲ್ಲಿ ತಾಗುತ್ತದೋ ಅಲ್ಲಿ ಸೀಮೆಸುಣ್ಣದಿಂದ ಗುರುತು. ವೇದವ್ಯಾಸರು ಮೂರು ಸಲ ಒಳಗೆ ಬಂದರು, ಮೂರೂ ಸಲ ಗೋಡೆ ನೋಡಿದರು. ಕಾಲೇಜಿನಲ್ಲಿ ಪಾಠ ಹೇಳುವವರಿಗೆ ಹೇಳಿದ ಮಾತು ಕೇಳುವುದು ಕಷ್ಟ. ನಾನು ಕೀಲಿಯನ್ನು ಎಡಗೈಯಿಂದ ಇಡುತ್ತೇನೆ ಎನ್ನುವುದು ಆದೆಮ್ಮ ಹೇಳುವವರೆಗೆ ನನಗೇ ಗೊತ್ತಿರಲಿಲ್ಲ.

ಉಳಿದದ್ದು ಅತ್ತೆಯ ಗುರುತು. ಅವರು ಆಗ ಮಡಿಯಲ್ಲಿದ್ದರು. ನಸುಕಿನಲ್ಲೇ ಸ್ನಾನ ಮಾಡಿ, ಯಾರೂ ಮುಟ್ಟದ ಮಡಿ ಸೀರೆ ಉಟ್ಟು, ದೇವರ ನೈವೇದ್ಯಕ್ಕೆ ಅಡುಗೆ ಮಾಡುವ ಹೊತ್ತು ಅದು. ಆ ಹೊತ್ತಿನಲ್ಲಿ ಅವರು ಯಾರನ್ನೂ ಮುಟ್ಟುವುದಿಲ್ಲ, ಯಾರೂ ಅವರನ್ನು ಮುಟ್ಟುವಂತಿಲ್ಲ, ಹೊರಗಿನ ಪಡಸಾಲೆಯ ಗೋಡೆಯನ್ನಂತೂ ಮುಟ್ಟುವ ಮಾತೇ ಇಲ್ಲ. ನಾನೂ ಎರಡು ಮಾರು ದೂರ. ನನ್ನನ್ನು ಮುಟ್ಟಿಸಿಕೊಳ್ಳದಿರುವುದಕ್ಕೂ ಆದೆಮ್ಮನಂಥವರನ್ನು ಮುಟ್ಟಿಸಿಕೊಳ್ಳದಿರುವುದಕ್ಕೂ ಏನೂ ಫರಕಿಲ್ಲ ಎಂದು ಅತ್ತೆಯ ವಾದ. ಇದೆ ಎಂದು ನನ್ನ ವಾದ. ಈ ದಾವೆ ನಾನು ಸೊಸೆಯಾಗಿ ಬಂದಾಗಿನಿಂದ ನಡೆದಿದೆ, ತೀರ್ಪು ಆಗಿಲ್ಲ.

ಆದೆಮ್ಮ ಪಡಸಾಲೆಯಲ್ಲೇ ನಿಂತು ಕೂಗಿ ಕೇಳಿದಳು. "ಅಮ್ಮಾರ, ನಿಮ್ಮ ಕೈ ಎಲ್ಲೀತನ ಹೋಗ್ತದ ಒಂದೀಟು ತೋರಸ್ರಿ. ದೂರದಿಂದಾನೇ ಸಾಕು."

ಅತ್ತೆ ನಡುಮನೆಯ ಹೊಸ್ತಿಲಿನವರೆಗೆ ಬಂದರು. ಕೈಯಲ್ಲಿ ಮಡಿಕೋಲಿತ್ತು. ನಮ್ಮ ಮನೆಯಲ್ಲಿ ಮಡಿಬಟ್ಟೆ ಒಣಹಾಕುವ ಗಳ ತಲೆಗಿಂತ ಎತ್ತರಕ್ಕೆ ತೂಗುತ್ತದೆ, ಬಟ್ಟೆಯನ್ನು ಏರಿಸುವುದು ಇಳಿಸುವುದು ಈ ಕೋಲಿನಿಂದಲೇ. ಆ ಕೋಲನ್ನೇ ಎತ್ತಿ ಗೋಡೆಯತ್ತ ತೋರಿಸಿ, "ಅಲ್ಲೇ ಹೊಡಿಯವಾ, ನಮ್ಮ ಸೊಸಿದು ಎಲ್ಲದನೋ ಅದರ ಸಮ. ನಾನೂ ಆಕಿ ಅಷ್ಟೇ ಎತ್ತರ ಇದ್ದೀನಿ" ಎಂದು ಒಳಗೆ ಹೋದರು.

ಆದೆಮ್ಮ ಎರಡು ಕ್ಷಣ ಅಲ್ಲೇ ನಿಂತಳು. ಇನ್ನೊಮ್ಮೆ ಕೇಳಬೇಕು ಅನ್ನಿಸಿತಂತೆ, ಮಡಿಯಲ್ಲಿದ್ದವರನ್ನು ಹೇಗೆ ಕೇಳುವುದು ಎಂದು ಸುಮ್ಮನಾದಳಂತೆ. ನನ್ನ ಗುರುತಿನ ಪಕ್ಕ, ಅದೇ ಎತ್ತರಕ್ಕೆ, ಇನ್ನೊಂದು ಗುರುತು ಹಾಕಿದಳು. ಕೈ ನೋಡದೆ ಹಾಕಿದ ಗುರುತು ಅದೊಂದೇ.

ಎಂಟು ದಿನಕ್ಕೆ ಹಲಗೆ ಬಂತು. ಸಿರವಾರದಿಂದ ತರಿಸಿದ ಬೇವಿನ ಹಲಗೆ, ಐದಡಿ ಉದ್ದ. ಅದರ ಮೇಲೆ ಜಾಲಿ ಕೊಂಬೆಯ ಕವಲುಗಳನ್ನೇ ನುಣ್ಣಗೆ ಮಾಡಿ ಗೂಟವಾಗಿ ಕೂಡಿಸಿದ್ದಳು, ನನ್ನದು ಮತ್ತು ಅತ್ತೆಯದು ಬಿಟ್ಟರೆ ಯಾವ ಎರಡು ಗೂಟವೂ ಒಂದೇ ಸಾಲಿನಲ್ಲಿಲ್ಲ, ಅವರವರ ಕೈಯ ಎತ್ತರಕ್ಕೆ ಅವರವರದು. ಮೇಲೆ ಕೀಲಿಗೆ ಒಂದು ಕಿರುಗೂಡು, ಪಕ್ಕದಲ್ಲಿ ಕೊಡೆಗೆ ಅಡ್ಡಪಟ್ಟಿ. ನಮ್ಮದು ಕಲ್ಲಿನ ಗೋಡೆ. ಕಲ್ಲು ಕಲ್ಲಿನ ಸಂದು ಹುಡುಕಿ, ಬೆಣೆ ಬಡಿದು, ಹಲಗೆ ಬಿಗಿದು, ಕೊನೆಗೆ ಅದಕ್ಕೆ ತಾನೇ ಜೋತುಬಿದ್ದು ತೋರಿಸಿದಳು. ಹಲಗೆ ಕದಲಲಿಲ್ಲ. ಮಹತಿ ಚಪ್ಪಾಳೆ ಹೊಡೆದಳು.

ಮರುದಿನ ಸಂಜೆ ನಾನು ಕೋರ್ಟಿನಿಂದ ಬಂದು, ಯಾರ ಜೊತೆಗೋ ಫೋನಿನಲ್ಲಿ ಜಗಳವಾಡುತ್ತಲೇ ಕೋಟು ಬಿಚ್ಚಿ ಕೈ ಚಾಚಿದೆ. ಗೂಟ ಅಲ್ಲೇ ಇತ್ತು. ಇಪ್ಪತ್ತಾರು ವರ್ಷದ ವಕೀಲಿಕೆಯಲ್ಲಿ ಅಷ್ಟು ಸುಖ ನನಗೆ ಯಾವ ತೀರ್ಪೂ ಕೊಟ್ಟಿರಲಿಲ್ಲ, ಇದನ್ನು ಉತ್ಪ್ರೇಕ್ಷೆ ಎನ್ನುವವರು ಮೇ ತಿಂಗಳಲ್ಲಿ ನನ್ನ ಕೋಟು ಹಾಕಿಕೊಂಡು ನೋಡಲಿ.

ತೊಂದರೆಯಾದದ್ದು ಅತ್ತೆಗೆ. ಅವರ ಶಾಲು ಮತ್ತೆ ಮುರುಕು ಕುರ್ಚಿಗೇ ಬಂತು. ಯಾಕೆ ಎಂದರೆ, "ನೆಟ್ಟಗಿಲ್ಲ ಅದು" ಎಂದರು. ಕೀಲಿ ಎರಡು ಸಲ ಕಳೆಯಿತು. ಒಂದು ಸಂಜೆ ಭಜನೆಯಿಂದ ಬಂದವರು ಚೀಲವನ್ನು ಗೂಟಕ್ಕೆ ಹಾಕಲು ಹೋದರು. ಚೀಲ ಗೂಟಕ್ಕೆ ಸಿಗದೆ ಬಿತ್ತು. ತಾಳಗಳು ಖಣಖಣ ಎನ್ನುತ್ತಾ ಉರುಳಿ ಹೊಸ್ತಿಲು ದಾಟಿ, ಮೆಟ್ಟಿಲಿಳಿದು ರಸ್ತೆಗೆ ಹೋದವು. ಎದುರು ಮನೆಯ ಮಕ್ಕಳು ನಕ್ಕವು. ಅತ್ತೆಯ ಮುಖ ಕೆಂಪಾಯಿತು.

"ಹೆಂಗಸಿನ ಕಡಿಂದ ಬಡಿಗಿ ಕೆಲಸ ಮಾಡಿಸಿದ್ರ ಇನ್ನೇನಾಗ್ತದ!" ಎಂದರು.

ವಕೀಲಿಕೆ ಮಾಡುವ ಸೊಸೆಯ ಎದುರು ಆಡುವ ಮಾತೇ ಅದು? ನನಗೂ ಕೋಪ ನೆತ್ತಿಗೇರಿತು. ಆದರೆ ಕೋಪ ಬಂದಾಗ ಮನುಷ್ಯರು ಯಾರ ಮೇಲೆ ಬಂದಿದೆಯೋ ಅವರ ಮೇಲೆ ತೀರಿಸುವುದಿಲ್ಲ. ಅತ್ತೆಗೆ ಎದುರಾಡುವ ಧೈರ್ಯವಿಲ್ಲದೆ ನಾನು ಲಾಲ್ ಸಾಬರಿಗೆ ಫೋನ್ ಮಾಡಿ, ನಿಮ್ಮ ಆದೆಮ್ಮನ ಎತ್ತರ ತಪ್ಪಿದೆ, ವಯಸ್ಸಾದವರಿಗೆ ತ್ರಾಸಾಗುತ್ತಿದೆ ಎಂದುಬಿಟ್ಟೆ.

"ತಪ್ಪ್ಯಾದ ಏನ್ರಿ?" ಎಂದರು ಲಾಲ್ ಸಾಬ್, ಅಷ್ಟೇ. ಅವರ ದನಿ ಕೇಳಿದ ಮೇಲೆ ಆದೆಮ್ಮನ ಶರತ್ತು ನೆನಪಾಯಿತು. ಆಡಿದ ಮಾತು ವಾಪಸು ತೆಗೆದುಕೊಳ್ಳಬಹುದಿತ್ತು. ತೆಗೆದುಕೊಳ್ಳಲಿಲ್ಲ. ನಾನು ಹಾಗೆಯೇ, ಒಮ್ಮೆ ಹೇಳಿಕೆ ಕೊಟ್ಟರೆ ತಿದ್ದುವುದು ನನಗೆ ಹೊಟ್ಟೆನೋವು.

ಮರುದಿನ ಎರಡನೇ ಶನಿವಾರ, ಕೋರ್ಟಿಗೆ ರಜೆ. ಮಧ್ಯಾಹ್ನ ಇಳಿದ ಮೇಲೆ ಕರೆಯದೆಯೇ ಆದೆಮ್ಮ ಬಂದಳು. ಬೈಯಬಹುದಿತ್ತು, ಬೈಯಲಿಲ್ಲ. "ಒಂದೀಟು ಕುಂದರ್ತೀನ್ರಿ" ಎಂದು ಪಡಸಾಲೆಯ ಮೂಲೆಯಲ್ಲಿ ಕೂತಳು. ಅತ್ತೆ ಆಗ ಮಡಿ ಬಿಟ್ಟು, ಊಟ ಮುಗಿಸಿ, ಭಜನೆಗೆ ಹೊರಡುವ ತಯಾರಿಯಲ್ಲಿ ಒಳಗೆ ಹೊರಗೆ ಓಡಾಡುತ್ತಿದ್ದರು. ಆದೆಮ್ಮನನ್ನು ನೋಡಿದರೂ ಮಾತಾಡಿಸಲಿಲ್ಲ. ಆಕೆ ಚಹಾದ ಲೋಟ ಹಿಡಿದುಕೊಂಡು ಸುಮ್ಮನೆ ಅವರನ್ನೇ ನೋಡುತ್ತಿದ್ದಳು. ನನಗೆ ಅದು ಸೋಮಾರಿತನದಂತೆ ಕಂಡಿತು.

ಆಕೆ ಏನು ನೋಡುತ್ತಿದ್ದಳು ಎಂಬುದು ನನಗೆ ಆಮೇಲೆ ತಿಳಿಯಿತು. ಅತ್ತೆ ಕುರ್ಚಿಯಿಂದ ಶಾಲು ತೆಗೆದದ್ದು ಎಡಗೈಯಿಂದ. ಬಲಭುಜದ ಮೇಲೆ ಶಾಲು ಸರಿಮಾಡಿಕೊಂಡದ್ದೂ ಎಡಗೈಯಿಂದ. ಮೇಲಿನ ಚಿಲಕ ತೆಗೆಯಲು "ವೃಂದಾ, ಇಲ್ಲಿ ಬಾ" ಎಂದು ನನ್ನನ್ನು ಕರೆದರು. ಎಷ್ಟೋ ತಿಂಗಳಿಂದ ಹೀಗೆ ಕರೆಯುತ್ತಿದ್ದರು, ಅತ್ತೆತನ ತೋರಿಸುತ್ತಾರೆ ಎಂದು ನಾನು ಒಳಗೊಳಗೆ ಗೊಣಗುತ್ತಿದ್ದೆ. ಹಿಂಡಿನಲ್ಲಿ ಒಂದು ಕುರಿ ಕುಂಟುತ್ತಿದ್ದರೆ ಯಾವ ಕಾಲು ಎಂದು ದೂರದಿಂದಲೇ ಹೇಳುವ ಮನೆತನದ ಹೆಂಗಸಿಗೆ ಅರ್ಧ ಗಂಟೆ ಸಾಕಾಗಿತ್ತು. ಅತ್ತೆಯ ಬಲಗೈ ಭುಜದಿಂದ ಮೇಲೆ ಏಳುತ್ತಿರಲಿಲ್ಲ.

ಅತ್ತೆ ಹೊರಟುಹೋದರು. ಆದೆಮ್ಮ ಎದ್ದು ಒಂದೊಂದೇ ಗೂಟವನ್ನು ಜಗ್ಗಿ ನೋಡಿದಳು. ಎಲ್ಲವೂ ಗಟ್ಟಿ.

"ಎಲ್ಲಿ ತಪ್ಪ್ಯಾದ ಹೇಳು" ಎಂದೆ.

"ಅಳತಿ ತಪ್ಪೈತ್ರಿ. ನಂದೇ ತಪ್ಪು."

"ನಮ್ಮತ್ತೀನೇ ಅಲ್ಲಿ ಹೊಡಿ ಅಂದಿದ್ರಲ್ಲ? ಅವರ ಮಾತು ಕೇಳಿ ನೀ ಹೊಡದಿ."

"ಅವರು ಏನರ ಅನ್ಲಿರಿ, ಕೈ ನೋಡಿ ಗುರುತು ಹಾಕೋದು ನನ್ನ ಕೆಲಸ. ನಾ ನೋಡಲಿಲ್ಲ."

"ಹಂಗಾದ್ರ ಅವರ ಕೈ ಎಲ್ಲೀತನಕ ಹೋಗ್ತದ?"

ನಾನು ಸಾಕ್ಷಿಗಳನ್ನು ಪಾಟೀಸವಾಲು ಮಾಡುವ ದನಿಯಲ್ಲೇ ಕೇಳಿದೆ. ಆ ದನಿಗೆ ದೊಡ್ಡ ದೊಡ್ಡ ಗೌಡರು ಬಾಯಿಬಿಟ್ಟಿದ್ದಾರೆ. ಆದೆಮ್ಮ ಬಿಡಲಿಲ್ಲ. ಬಿಟ್ಟಿದ್ದರೆ ಆಕೆ ಗೆಲ್ಲುತ್ತಿದ್ದಳು, ತಪ್ಪು ಅತ್ತೆಯದೆಂದು ಆಗುತ್ತಿತ್ತು, ಲಾಲ್ ಸಾಬರಿಗೂ ಹೇಳಬಹುದಿತ್ತು. "ಅದೆಲ್ಲಾ ಬ್ಯಾಡ್ರಿ ಮೇಡಂ. ಬರೋ ಐತವಾರ ಬಂದು ಆ ಒಂದು ಗೂಟ ಕೆಳಗ ಹಾಕಿ ಕೊಡ್ತೀನಿ. ರಿಪೇರಿ ಅಂತ ತಿಳೀರಿ. ಉಸ್ತಾದರಿಗಿ ನಾನೇ ಹೇಳ್ತೀನಿ, ನಂದೇ ತಪ್ಪು ಅಂತ" ಎಂದು ಚೀಲ ಹೆಗಲಿಗೇರಿಸಿದಳು.

"ಅಂಗಡಿ?" ಎಂದೆ.

ಆಕೆ ಬಾಗಿಲು ತೆರೆದಳು. ಮೆಟ್ಟಿಲ ಮೇಲೆ ಅತ್ತೆ ನಿಂತಿದ್ದರು. ಹಾಡಿನ ಪುಸ್ತಕ ಮರೆತು ವಾಪಸು ಬಂದವರು ಎಷ್ಟು ಹೊತ್ತಿನಿಂದ ಅಲ್ಲಿ ನಿಂತಿದ್ದರೋ. ಆದೆಮ್ಮ ಅವರಿಗೆ ದಾರಿ ಬಿಟ್ಟು, ತಲೆ ತಗ್ಗಿಸಿ, ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಅತ್ತೆ ಅವತ್ತು ಭಜನೆಗೆ ಹೋಗಲಿಲ್ಲ.

ಸಂಜೆ ದೀಪ ಹಚ್ಚಿದ ಮೇಲೆ ನನ್ನನ್ನು ಕರೆದು ಕೂರಿಸಿಕೊಂಡರು.

"ಆ ಹುಡುಗಿ ಸುಳ್ಳು ಹೇಳಿದಳು ನೋಡು, ವೃಂದಾ. ತಪ್ಪು ಆಕಿದಲ್ಲ, ನಂದು."

ಎಂಟು ತಿಂಗಳ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದಿದ್ದರಂತೆ. ಗೋಡೆ ಹಿಡಿದು ಎದ್ದು, ಯಾರಿಗೂ ಹೇಳದೆ ಎಣ್ಣೆ ಹಚ್ಚಿಕೊಂಡರಂತೆ. ಅಂದಿನಿಂದ ಕೈ ಮೇಲೆ ಹೋಗುತ್ತಿಲ್ಲ. ಹೇಳಿದರೆ ಮಗ ಅಡುಗೆಗೆ ಆಳು ಇಡುತ್ತಾನೆ, ನೈವೇದ್ಯದ ಒಲೆ ತಪ್ಪುತ್ತದೆ, ದೇವರ ಮನೆಯೂ ತಪ್ಪುತ್ತದೆ ಎಂಬ ಅಂಜಿಕೆ. ಮಡಿಕೋಲನ್ನು ಎಡಗೈಗೆ ಬದಲಾಯಿಸಿಕೊಂಡಿದ್ದರು. ಒಂದೇ ಮನೆಯಲ್ಲಿ, ಎರಡು ಮಾರು ದೂರದಲ್ಲಿ, ಎಂಟು ತಿಂಗಳು ನಾನು ಅದನ್ನು ನೋಡಿರಲಿಲ್ಲ. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

"ನಾಳಿ ಡಾಕ್ಟರ ಕಡೆ ಹೋಗೂಣು ಅತ್ಯಾ" ಎಂದೆ.

"ಹೋಗೂಣು. ಅದು ಮಧ್ಯಾಹ್ನ. ಮೊದಲು ಇದು ಹೇಳು, ಅಂಗಡಿ ಅಂತ ಏನೋ ಕೇಳಿದ್ಯಲ್ಲ ಆಕೀನ್ನ, ಏನದು?"

ಲಾಲ್ ಸಾಬರ ಶರತ್ತನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ, ನಾನು ಫೋನಿನಲ್ಲಿ ಆಡಿದ್ದನ್ನೂ ಬಿಡದೆ. "ನಮ್ಮಿಬ್ಬರ ಬಾಯಿ ಸೇರಿ ಆಕಿ ಅನ್ನಕ್ಕ ಮಣ್ಣು ಹಾಕೀವಿ" ಎಂದರು ಅತ್ತೆ. "ಆಕೀಗಿ ಫೋನ್ ಹಚ್ಚು. ನಾಳಿ ಮುಂಜಾನೆ ಮೊದಲ್ನೇ ಬಸ್ಸಿಗೆ ಬಾ ಅಂತ ನಾನೇ ಹೇಳ್ತೀನಿ."

ಭಾನುವಾರ ಬೆಳಿಗ್ಗೆ ನಾನು ಎದ್ದು ಬಂದಾಗ ಆರೂವರೆ. ಆ ಹೊತ್ತಿಗೆ ನಮ್ಮ ಮನೆಯಲ್ಲಿ ದೇವರ ದೀಪ ಹತ್ತಿ, ಒಲೆಯ ಮೇಲೆ ಬೇಳೆ ಕುದಿಯುತ್ತಿರಬೇಕು. ದೀಪ ಇಲ್ಲ, ಒಲೆ ತಣ್ಣಗಿದೆ. ಅತ್ತೆ ನಿನ್ನೆಯ ಸೀರೆಯಲ್ಲೇ, ತಲೆಯೂ ಬಾಚದೆ, ಪಡಸಾಲೆಯ ಮುರುಕು ಕುರ್ಚಿಯಲ್ಲಿ ಕೂತಿದ್ದಾರೆ. ಜ್ವರ ಬಂದಿರಬೇಕೆಂದು ವೇದವ್ಯಾಸರು ಗಾಬರಿಯಾಗಿ ಅವರ ಹಣೆ ಮುಟ್ಟಿ ನೋಡಿದರು. "ಏನಾಗಿಲ್ಲೋ ನನಗ, ಸರಿ ಆ ಕಡೆ" ಎಂದು ಬೈಸಿಕೊಂಡರು. ಈ ಮನೆಗೆ ಸೊಸೆಯಾಗಿ ಬಂದ ಐವತ್ತೆರಡು ವರ್ಷಗಳಲ್ಲಿ, ಕಾಯಿಲೆ ಕಸಾಲೆ ಬಿಟ್ಟರೆ, ಅತ್ತೆ ಬೆಳಗಾದ ಮೇಲೆ ಸ್ನಾನ ಮಾಡದೆ ಕೂತದ್ದಿಲ್ಲ.

ಎಂಟರ ಹೊತ್ತಿಗೆ ಆದೆಮ್ಮ ಬಂದಳು. ಇದು ಅತ್ತೆಯ ಮಡಿಯ ಹೊತ್ತು ಎಂದು ಹೊಸ್ತಿಲ ಹೊರಗೆ, ದೂರಕ್ಕೆ ನಿಂತಳು. ಬೈಸಿಕೊಳ್ಳಲು ಬಂದವಳ ಮುಖ.

"ಒಳಗ ಬಾರವಾ" ಎಂದರು ಅತ್ತೆ. ಎದ್ದು ನಿಂತರು. "ನಾ ಇನ್ನಾ ಸ್ನಾನ ಮಾಡಿಲ್ಲ. ಮಡಿ ಇಲ್ಲ. ಬೇಕಂತಲೇ ಕೂತೀನಿ. ಬಾ, ನನ್ನ ಕೈ ಹಿಡಿ. ಎಲ್ಲೀತನ ಹೋಗ್ತದ ನೀನೇ ನೋಡು."

ಆದೆಮ್ಮ ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಆಕೆ ಅಂಗೈಯನ್ನು ಅಂಗಿಗೆ ಒರೆಸಿಕೊಂಡಳು, ಇನ್ನೊಮ್ಮೆ ಒರೆಸಿಕೊಂಡಳು. ಆಮೇಲೆ ಒಂದು ಕೈಯಿಂದ ಅತ್ತೆಯ ಮಣಿಕಟ್ಟು, ಇನ್ನೊಂದರಿಂದ ಮೊಣಕೈ ಹಿಡಿದು, ಗೋಡೆಗುಂಟ ನಿಧಾನವಾಗಿ ಮೇಲೆ ಎತ್ತಿದಳು. ಎದೆಯ ಮಟ್ಟ ದಾಟಿತು. ಭುಜದ ಹತ್ತಿರ ಬಂದಾಗ ಅತ್ತೆಯ ತುಟಿ ಬಿಗಿಯಿತು. ಆದೆಮ್ಮ ಅಲ್ಲೇ ನಿಲ್ಲಿಸಿದಳು.

"ಇನ್ನಷ್ಟು ಹೋಗ್ತದ, ಎತ್ತು" ಎಂದರು ಅತ್ತೆ.

"ಬ್ಯಾಡ್ರಿ ಅಮ್ಮಾರ. ನೋವು ಸುರು ಆಗೋಕಿಂತ ನಾಕು ಬೆಟ್ಟು ಕೆಳಗ ಹೊಡೀತೀನಿ. ದಿನಾ ಹಾಕೋ ಗೂಟ ಅದು."

ವೇದವ್ಯಾಸರು ಇದನ್ನೆಲ್ಲ ನೋಡುತ್ತಾ ನಿಂತಿದ್ದರು. ಅಮ್ಮನ ಕೈಯ ವಿಷಯ ಅವರಿಗೆ ಗೊತ್ತಾದದ್ದು ಆಗಲೇ. "ಅಮ್ಮಾ, ಎಷ್ಟು ದಿನದಿಂದ ಇದು? ಇನ್ನ ಅಡಿಗಿಗೆ ಯಾರನ್ನಾರ..." ಎಂದು ಬಾಯಿ ತೆರೆದರು.

"ಯಾರೂ ಬರೂದು ಬ್ಯಾಡ" ಎಂದರು ಅತ್ತೆ. "ಹಲಗಿ ಮ್ಯಾಲಿನ ಗೂಟಾ ಇದ್ದಲ್ಲೇ ಇರ್ಲಿ, ಬಂದವರಿಗೆ ಆಗ್ತದ. ನನಗ ಬ್ಯಾರೇ ಹಲಗಿ ಮಾಡ್ತಾಳ ಈಕಿ, ಈ ಎತ್ತರಕ್ಕ. ಅಡಿಗಿ ಮನ್ಯಾಗ ಡಬ್ಬಿ ಹಲಗಿ ಕೆಳಗ ಇಳಸ್ತಾಳ. ಮಡಿ ಗಳಾನೂ ಕೆಳಗ ಕಟ್ಟತಾಳ, ಮಡಿಕೋಲು ಬೇಕಾಗಬಾರದು ಹಂಗ. ಒಳಗಿನ ಅಳತಿ ಎಲ್ಲಾ ಈಗೇ ತಗೋಬೇಕು, ನನ್ನ ಸ್ನಾನಕ್ಕಿಂತ ಮೊದಲು. ದೇವರಿಗೆ ಇವತ್ತು ನೈವೇದ್ಯ ತಡಾ ಆಗ್ತದ. ಆಗ್ಲಿ."

ಆಮೇಲೆ ನನ್ನ ಕಡೆ ತಿರುಗಿ, "ಲಾಲ್ ಸಾಬಗ ಹಚ್ಚು" ಎಂದರು. ನಾನು ಫೋನ್ ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಮಾಡಿ, ಅವರ ಎಡಗೈಗೆ ಕೊಟ್ಟೆ. ಬಲಗೈ ಇನ್ನೂ ಗೋಡೆಗೆ ತಾಗಿಕೊಂಡು ಆದೆಮ್ಮನ ಕೈಯಲ್ಲಿತ್ತು.

"ಲಾಲ್ ಸಾಬ್, ನಾ ಕಾವೇರಿಬಾಯಿ, ರಾಯಚೂರಿಂದ. ಎತ್ತರ ತಪ್ಪಿದ್ದು ನನ್ನ ಮಾತಿನಿಂದ. ನಿಮ್ಮ ಆದೆಮ್ಮನಿಂದಲ್ಲ. ಆಕೀನ್ನ ಇವತ್ತು ನಾನೇ ಕರಸೀನಿ. ರಿಪೇರಿಗಿ ಅಲ್ಲ, ಹೊಸಾ ಕೆಲಸಕ್ಕ. ಮೂರು ಕೆಲಸ ಅವ."

ಆ ಕಡೆ ಅಂಗಡಿಯಲ್ಲಿ ಹಲಗೆ ಹೆರೆಯುವ ರಂದದ ಸದ್ದು ಕೇಳುತ್ತಿತ್ತು. ಅದು ನಿಂತಿತು.

"ಹಂಗಾರ ಆಕೀಗಿ ಹೇಳ್ರಿ ಬಾಯಿಯವರ" ಎಂದರು ಲಾಲ್ ಸಾಬ್. "ಬರೋವಾಗ ರಾಯಚೂರಾಗೇ ಒಂದು ಚಲೋ ಬೀಗ ನೋಡಿ ತಗೊಂಡು ಬಾ ಅಂತ. ನಮ್ಮ ಬೀಗ ಹಳೇದಾಗ್ಯದ, ಆಕಿ ಅಂಗಡಿಗಿ ಅದು ಬ್ಯಾಡ."

ಆದೆಮ್ಮ ಗೋಡೆಯ ಕಡೆ ಮುಖ ತಿರುಗಿಸಿದಳು. ಭುಜಗಳು ಅಲುಗುತ್ತಿದ್ದವು. ಗುರುತಿಗೆಂದು ಇನ್ನೊಂದು ಕೈಯಲ್ಲಿ ತೆಗೆದುಕೊಂಡಿದ್ದ ಸೀಮೆಸುಣ್ಣ ಜಾರಿ ಬಿದ್ದು ಎರಡು ತುಂಡಾಯಿತು. ಗುರುತು ಹಾಕುವುದು ಇನ್ನೂ ಬಾಕಿ ಇತ್ತು. ಅತ್ತೆಯ ಕೈಯನ್ನು ಮಾತ್ರ ಆಕೆ ಬಿಟ್ಟಿರಲಿಲ್ಲ. ಬಿಡು ಎಂದು ಅತ್ತೆ ಹೇಳಲೂ ಇಲ್ಲ.